ಗೆರೆಗೆ ಜೀವ ಬಂತು! ಹಳೆಯ ಕಾರ್ಟೂನ್ ಕಿರುಚಿತ್ರಗಳು ಮತ್ತು ಅವನ್ನು ಕೂಡಿಟ್ಟವರು



ಕಾರ್ಟೂನ್ ಅಂದರೆ ನಮಗೆಲ್ಲ ಪ್ರಾಣ. ಊಟ ಬಿಟ್ಟಾದರೂ ನೋಡ್ತೀವಿ. ಆದರೆ ನೂರು ವರ್ಷಕ್ಕೂ ಹಿಂದೆ, ಕಂಪ್ಯೂಟರ್ ಎಂಬ ಹೆಸರೇ ಇಲ್ಲದ ಕಾಲದಲ್ಲಿ, ಕೈಯಿಂದಲೇ ಬರೆದು ಮಾಡಿದ ಕಾರ್ಟೂನ್‌ಗಳಿದ್ದವು ಎಂಬುದು ನಿಮಗೆ ಗೊತ್ತೆ? ಅವು ಎರಡು ನಿಮಿಷ, ಐದು ನಿಮಿಷ, ಹೆಚ್ಚೆಂದರೆ ಹತ್ತು ನಿಮಿಷದವು. ಇವಕ್ಕೆ ಕಿರುಚಿತ್ರ ಎನ್ನುತ್ತಾರೆ. ಇವುಗಳಲ್ಲಿ ಎಷ್ಟೋ ಇಂದು ಲೋಕದಲ್ಲೇ ಇಲ್ಲ. ಉಳಿದವು ತಾವಾಗಿ ಉಳಿದದ್ದಲ್ಲ, ಯಾರೋ ಒಬ್ಬರು ಎತ್ತಿಟ್ಟಿದ್ದರಿಂದ ಉಳಿದವು. ಈ ಸಲದ ಗೋಡೆ ಪತ್ರಿಕೆಗೆ ಅದನ್ನೇ ಬರೆದಿದ್ದೇನೆ. ನಿಂತುಕೊಂಡು ಓದಬೇಕಾದ ಲೇಖನ, ಸ್ವಲ್ಪ ಉದ್ದವಿದೆ. ಬೇಸರಪಡದೆ ಓದಿ.

ಚಿತ್ರ ನಡೆಯುವುದು ಹೇಗೆ?

ಕಾರ್ಟೂನಿನಲ್ಲಿ ಯಾವ ಚಿತ್ರವೂ ನಿಜವಾಗಿ ನಡೆಯುವುದಿಲ್ಲ! ಒಂದೊಂದೂ ಸುಮ್ಮನೆ ನಿಂತ ಚಿತ್ರವೇ. ಕೋಳಿ ಕಾಳು ಹೆಕ್ಕುವುದನ್ನು ತೋರಿಸಬೇಕು ಅಂತಿಟ್ಟುಕೊಳ್ಳಿ. ಮೊದಲ ಚಿತ್ರದಲ್ಲಿ ಕೋಳಿಯ ತಲೆ ಮೇಲೆ. ಎರಡನೆಯದರಲ್ಲಿ ಒಂದು ಎಳೆ ಕೆಳಗೆ. ಮೂರನೆಯದರಲ್ಲಿ ಇನ್ನೂ ಕೆಳಗೆ. ಹೀಗೆ ಬರೆದು ಒಂದರ ಹಿಂದೆ ಒಂದನ್ನು ಬೇಗ ಬೇಗ ತೋರಿಸಿದರೆ ನಮ್ಮ ಕಣ್ಣು ಮತ್ತು ಮೆದುಳು ಅವನ್ನು ಬಿಡಿಬಿಡಿಯಾಗಿ ನೋಡುವುದಿಲ್ಲ. ಜೋಡಿಸಿಕೊಂಡು ಬಿಡುತ್ತವೆ. ಆಗ ಕೋಳಿ ತಲೆ ಬಗ್ಗಿಸಿದಂತೆ ಕಾಣುತ್ತದೆ.

ಸಿನಿಮಾದ ಫಿಲ್ಮ್ ಪಟ್ಟಿಯಲ್ಲಿ ಒಂದು ಸೆಕೆಂಡಿಗೆ 24 ಚೌಕಗಳು ಓಡುತ್ತವೆ. ಕಾರ್ಟೂನ್ ಮಾಡುವವರು ಸಾಮಾನ್ಯವಾಗಿ ಒಂದು ಚಿತ್ರವನ್ನು ಎರಡು ಚೌಕಕ್ಕೆ ಬಳಸುತ್ತಾರೆ. ಅಂದರೆ ಸೆಕೆಂಡಿಗೆ 12 ಚಿತ್ರ. ಇನ್ನು ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 720. ಹತ್ತು ನಿಮಿಷಕ್ಕೆ 7,200 ಚಿತ್ರ! ಒಂದು ಚಿತ್ರ ಬರೆಯಲು ಕಾಲು ಗಂಟೆ ಎಂದರೂ ಒಟ್ಟು 1,800 ಗಂಟೆ. ಒಬ್ಬನೇ ದಿನಕ್ಕೆ ಆರು ಗಂಟೆಯಂತೆ ಕೂತು ಬರೆದರೆ 300 ದಿನ ಬೇಕು. ನಾವು ಹತ್ತು ನಿಮಿಷ ನೋಡಿ ಎದ್ದು ಹೋಗುವುದರ ಹಿಂದೆ ಒಬ್ಬರ ಒಂದು ವರ್ಷದ ದುಡಿಮೆ ಇರುತ್ತದೆ. 'ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ' ಎಂಬ ಗಾದೆ ಇದಕ್ಕೇ ಮಾಡಿದಂತಿದೆ.

ತೊಗಲುಗೊಂಬೆ ಎಂಬ ದೊಡ್ಡಮ್ಮ

ಬಿಳಿ ಪರದೆಯ ಮೇಲೆ ಬಣ್ಣದ ಚಿತ್ರ ಕುಣಿಸುವುದು ನಮ್ಮ ಕಡೆಯವರಿಗೆ ಹೊಸದಲ್ಲ. ತೊಗಲುಗೊಂಬೆ ಆಟದ ಹೆಸರು ಕೇಳಿದ್ದೀರಲ್ಲ? ಹದ ಮಾಡಿದ ತೊಗಲನ್ನು ಬೆಳಕು ಹಾಯುವಷ್ಟು ತೆಳ್ಳಗೆ ಮಾಡಿ, ಕತ್ತರಿಸಿ, ಬಣ್ಣ ಹಾಕುತ್ತಾರೆ. ಕೈ ಕಾಲು ಬೇರೆ ಬೇರೆ ಮಾಡಿ ದಾರದಿಂದ ಜೋಡಿಸುತ್ತಾರೆ. ಪರದೆಯ ಹಿಂದೆ ದೀಪ ಇಟ್ಟು ಗೊಂಬೆ ಆಡಿಸಿದರೆ ಮುಂದೆ ಕೂತವರಿಗೆ ರಾಮ, ರಾವಣ, ಹನುಮಂತ ಎಲ್ಲರೂ ಬಣ್ಣಬಣ್ಣವಾಗಿ ಕಾಣುತ್ತಾರೆ. ನಡುವೆ ನಗಿಸುವುದಕ್ಕೆ ಕಿಳ್ಳೇಕ್ಯಾತ, ಬಂಗಾರಕ್ಕ ಬರುತ್ತಾರೆ. ನಮ್ಮ ಅಜ್ಜಿ ಹೇಳೋದು, "ಬೆಳಗಾಗೋ ತನಕ ಆಡೋರು. ನಿದ್ದೆ ಬಂದೋರನ್ನ ಕಿಳ್ಳೇಕ್ಯಾತ ಎಬ್ಬಿಸೋನು" ಅಂತ. ಈ ಕಲೆಯನ್ನು ಬಾಳೆಲ್ಲ ಕಾಪಾಡಿಕೊಂಡು ಬಂದ ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು.

ಜರ್ಮನಿಯಲ್ಲಿ ಲೊಟ್ಟೆ ರೈನಿಗರ್ ಎಂಬ ಹೆಣ್ಣುಮಗಳಿದ್ದರು. ಅವರು ಕರಿ ಕಾಗದವನ್ನು ಕತ್ತರಿಯಿಂದ ಕತ್ತರಿಸಿ ಇಂಥದೇ ನೆರಳುಗೊಂಬೆ ಮಾಡಿದರು. ಕೀಲುಗಳನ್ನು ತಂತಿಯಿಂದ ಜೋಡಿಸಿದರು. ಗಾಜಿನ ಮೇಲೆ ಗೊಂಬೆ ಇಟ್ಟು, ಕೆಳಗಿನಿಂದ ಬೆಳಕು ಬಿಟ್ಟು, ಮೇಲಿನಿಂದ ಕ್ಯಾಮೆರಾ ಹಿಡಿದರು. ಗೊಂಬೆಯ ಕೈಯನ್ನು ಚೂರು ಸರಿಸುವುದು, ಒಂದು ಚೌಕ ತೆಗೆಯುವುದು. ಮತ್ತೆ ಚೂರು ಸರಿಸುವುದು, ಮತ್ತೊಂದು ಚೌಕ. ಹೀಗೆ ಎಷ್ಟೋ ಕಿರುಚಿತ್ರಗಳನ್ನು ಮಾಡಿದರು. 1926ರಲ್ಲಿ ರಾಜಕುಮಾರ ಅಹ್ಮದನ ಸಾಹಸಗಳ ಪೂರ್ಣ ಚಿತ್ರವನ್ನೇ ತಂದರು. ತೊಗಲುಗೊಂಬೆಯಲ್ಲಿ ಗೊಂಬೆ ನಮ್ಮೆದುರೇ ಆಡುತ್ತದೆ, ಕಾರ್ಟೂನಿನಲ್ಲಿ ಒಂದೊಂದು ಚೌಕವಾಗಿ ಆಡುತ್ತದೆ. ವ್ಯತ್ಯಾಸ ಇಷ್ಟೇ. ಅದಕ್ಕೇ ನಾನು ತೊಗಲುಗೊಂಬೆಯನ್ನು ಕಾರ್ಟೂನಿನ ದೊಡ್ಡಮ್ಮ ಎಂದು ಕರೆದದ್ದು.

ಮೊದಮೊದಲು ಮಾಡಿದವರು

ಫ್ರಾನ್ಸಿನ ಎಮಿಲ್ ಕೋಲ್ 1908ರಲ್ಲಿ 'ಫ್ಯಾಂಟಸ್ಮಗೋರಿ' ಎಂಬ ಚಿತ್ರ ಮಾಡಿದರು. ಅದು ಎರಡು ನಿಮಿಷವೂ ಇಲ್ಲ. ಆದರೆ ಅದಕ್ಕೆ ಸುಮಾರು 700 ಚಿತ್ರ ಬರೆದರು. ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆದಂತೆ ಕಾಣುತ್ತದೆ. ಒಂದು ಗೊಂಬೆ ಮನುಷ್ಯ, ಅವನ ಸುತ್ತ ಒಂದು ವಸ್ತು ಇನ್ನೊಂದಾಗಿ ಬದಲಾಗುತ್ತಾ ಹೋಗುತ್ತದೆ. ನಮ್ಮ ಕ್ಲಾಸಿನ ಬೋರ್ಡಿಗೆ ಜೀವ ಬಂದರೆ ಹೇಗಿರುತ್ತೆ, ಹಾಗೆ.

ಅಮೆರಿಕದ ವಿನ್ಸರ್ ಮೆಕೇ 1914ರಲ್ಲಿ 'ಗರ್ಟಿ' ಎಂಬ ಡೈನೋಸಾರ್ ತಂದರು. ಇದಕ್ಕೆ ಸುಮಾರು 10,000 ಚಿತ್ರಗಳು! ಮೆಕೇ ಸ್ವತಃ ಚಾವಟಿ ಹಿಡಿದು ಪರದೆಯ ಪಕ್ಕ ನಿಂತು, "ಗರ್ಟಿ, ಕಾಲೆತ್ತು" ಎನ್ನುವಂತೆ ಅಪ್ಪಣೆ ಕೊಡುತ್ತಿದ್ದರು. ಪರದೆಯ ಮೇಲಿನ ಗರ್ಟಿ ಕಾಲೆತ್ತುತ್ತಿತ್ತು. ಬೈದರೆ ಅಳುತ್ತಿತ್ತು. ಜನ ಬೆರಗಾದರು. ಆಗ ಒಂದು ಕಷ್ಟ ಇತ್ತು. ಹಿಂದಿನ ಬೆಟ್ಟ, ಮರ, ನೀರು ಅಲ್ಲಾಡದಿದ್ದರೂ ಪ್ರತಿ ಹಾಳೆಯಲ್ಲೂ ಅವನ್ನು ಮತ್ತೆ ಮತ್ತೆ ಬರೆಯಬೇಕಿತ್ತು. ಅದೇ ವರ್ಷ ಅರ್ಲ್ ಹರ್ಡ್ ಎಂಬುವರು ಇದಕ್ಕೊಂದು ಉಪಾಯ ಕಂಡುಹಿಡಿದರು. ಬೆಟ್ಟ ಮರಗಳನ್ನು ಒಂದೇ ಸಲ ಬರೆದಿಟ್ಟು, ಅದರ ಮೇಲೆ ಗಾಜಿನಂತೆ ಪಾರದರ್ಶಕವಾದ ಸೆಲ್ಯುಲಾಯ್ಡ್ ಹಾಳೆ ಇಟ್ಟು, ಓಡಾಡುವ ಪ್ರಾಣಿಯನ್ನು ಮಾತ್ರ ಆ ಹಾಳೆಯ ಮೇಲೆ ಬರೆಯುವುದು. ಮುಂದೆ ಬಹಳ ವರ್ಷ ಇದೇ ಪದ್ಧತಿ ನಡೆಯಿತು.

ರಷ್ಯಾದಲ್ಲಿ ಸ್ಟಾರೆವಿಚ್ ಎಂಬುವರು 1912ರಲ್ಲಿ ಸತ್ತ ಜೀರುಂಡೆಗಳಿಗೆ ತಂತಿಯ ಕಾಲು ಸೇರಿಸಿ, ಚೂರು ಚೂರೇ ಸರಿಸಿ ಸಿನಿಮಾ ಮಾಡಿದರು. ಕೀಟಗಳಿಗೆ ಪಾಠ ಕಲಿಸಿ ಆಡಿಸಿದ್ದಾರೆ ಅಂತಲೇ ಕೆಲವರು ನಂಬಿದ್ದರಂತೆ! ವಾಲ್ಟ್ ಡಿಸ್ನಿಯ ಮಿಕ್ಕಿ ಇಲಿ 1928ರಲ್ಲಿ 'ಸ್ಟೀಮ್‌ಬೋಟ್ ವಿಲ್ಲಿ' ಎಂಬ ಕಿರುಚಿತ್ರದಲ್ಲಿ ಶಬ್ದದ ಜತೆ ಹೆಜ್ಜೆ ಹಾಕುತ್ತಾ ಬಂದು ಲೋಕಪ್ರಸಿದ್ಧವಾಯಿತು.

ನಮ್ಮ ದೇಶದಲ್ಲಿ

ಭಾರತದಲ್ಲಿ ಇದರ ಮೊದಲ ಹೆಜ್ಜೆ ಇಟ್ಟವರು ದಾದಾಸಾಹೇಬ್ ಫಾಲ್ಕೆ. 'ರಾಜಾ ಹರಿಶ್ಚಂದ್ರ' (1913) ಮಾಡಿದವರು ಅಂತ ನಮಗೆ ಗೊತ್ತು. ಅದಕ್ಕೂ ಮೊದಲು ಅವರು ಒಂದು ಬಟಾಣಿ ಬೀಜ ನೆಟ್ಟು, ಅದು ಮೊಳೆತು ಗಿಡವಾಗುವುದನ್ನು ಕ್ಯಾಮೆರಾದಲ್ಲಿ ಬಿಡಿಬಿಡಿ ಚೌಕಗಳಾಗಿ ಹಿಡಿದರು. ಅದನ್ನು ಓಡಿಸಿದಾಗ ದಿನಗಟ್ಟಲೆ ಬೆಳೆದ ಗಿಡ ಕಣ್ಣೆದುರೇ ಎದ್ದು ನಿಂತಿತು. ಅದನ್ನು ನೋಡಿಯೇ ಅವರಿಗೆ ಸಾಲ ಕೊಡುವವರಿಗೆ ನಂಬಿಕೆ ಬಂದದ್ದು. 1915ರಲ್ಲಿ ಅವರು ಬೆಂಕಿಕಡ್ಡಿಗಳನ್ನು ಕುಣಿಸಿ ಒಂದು ಕಿರುಚಿತ್ರ ಮಾಡಿದರು. ಮರಾಠಿಯಲ್ಲಿ ಅದರ ಹೆಸರು 'ಆಗಕಾಡ್ಯಾಂಚಿ ಮೌಜ್', ಅಂದರೆ ಬೆಂಕಿಕಡ್ಡಿಗಳ ಮೋಜು. ಇದು ಈಗ ಇಲ್ಲ. ಯಾರಿಗೂ ನೋಡಲು ಸಿಗುವುದಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ, 1948ರಲ್ಲಿ, ಭಾರತ ಸರ್ಕಾರ ಮುಂಬಯಿಯಲ್ಲಿ ಫಿಲ್ಮ್ಸ್ ಡಿವಿಷನ್ ಆರಂಭಿಸಿತು. 1956ರಲ್ಲಿ ಕ್ಲೇರ್ ವೀಕ್ಸ್ ಎಂಬ ಕಲಾವಿದರು ಅಮೆರಿಕದಿಂದ ಅಲ್ಲಿಗೆ ಬಂದು ನಮ್ಮ ಹುಡುಗರಿಗೆ ಕಾರ್ಟೂನ್ ವಿದ್ಯೆ ಕಲಿಸಿದರು. ಇವರು ಡಿಸ್ನಿಯ ಕಂಪನಿಯಲ್ಲಿ 'ಬ್ಯಾಂಬಿ' ಎಂಬ ಜಿಂಕೆಮರಿಯ ಚಿತ್ರಕ್ಕೂ ಕೆಲಸ ಮಾಡಿದವರು. ಹುಟ್ಟಿದ್ದು ಮಾತ್ರ ಭಾರತದಲ್ಲೇ! ಅಲ್ಲಿ ಕಲಿತವರಲ್ಲಿ ರಾಮ್ ಮೋಹನ್ ಒಬ್ಬರು. ಮುಂದೆ ಅವರೇ ಎಷ್ಟೋ ಜನರಿಗೆ ಗುರುವಾದರು. 1957ರಲ್ಲಿ ಆ ಗುಂಪು 'ದಿ ಬ್ಯಾನಿಯನ್ ಡೀರ್' ಎಂಬ ಚಿತ್ರ ತಂದಿತು. ಬುದ್ಧನ ಜಾತಕ ಕಥೆ ಅದು. ರಾಜನ ಊಟಕ್ಕೆ ದಿನಕ್ಕೊಂದು ಜಿಂಕೆ ಸಾಯಬೇಕು. ಬಸುರಿ ಜಿಂಕೆಯ ಸರದಿ ಬಂದಾಗ ಜಿಂಕೆಗಳ ಒಡೆಯನೇ ಅವಳ ಬದಲು ತನ್ನ ಕತ್ತು ಒಡ್ಡುತ್ತಾನೆ. ರಾಜನ ಮನಸ್ಸು ಕರಗುತ್ತದೆ.

ಇನ್ನು 1974ರ 'ಏಕ್ ಅನೇಕ್ ಔರ್ ಏಕತಾ'. ನಮ್ಮ ಅಪ್ಪ ಅಮ್ಮಂದಿರಲ್ಲಿ ಬಹಳ ಮಂದಿ ಇದನ್ನು ದೂರದರ್ಶನದಲ್ಲಿ ನೋಡಿದ್ದಾರೆ, ಕೇಳಿ ನೋಡಿ. ವಿಜಯಾ ಮುಳೆ ಇದರ ನಿರ್ದೇಶಕಿ. ಚಿತ್ರಗಳನ್ನು ರೂಪಿಸಿದವರು ಭೀಮ್‌ಸೇನ್. ತಮ್ಮನೊಬ್ಬ 'ಒಂದು ಅಂದರೇನು, ಹಲವು ಅಂದರೇನು' ಎಂದು ಕೇಳುತ್ತಾನೆ. ಅಕ್ಕ ಕಥೆ ಹೇಳುತ್ತಾಳೆ. ಬಲೆಗೆ ಬಿದ್ದ ಹಕ್ಕಿಗಳು ಒಟ್ಟಾಗಿ ಬಲೆಯನ್ನೇ ಎತ್ತಿಕೊಂಡು ಹಾರುತ್ತವೆ. ಇಲಿಗಳು ಬಲೆ ಕಡಿದು ಬಿಡಿಸುತ್ತವೆ. ಪಂಚತಂತ್ರದಲ್ಲಿ ನಾವು ಓದಿದ ಪಾರಿವಾಳಗಳ ಕಥೆಯೇ. ಏಳು ನಿಮಿಷದ ಈ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಮಾತು ಹಿಂದಿ. ಆದರೆ ಹಿಂದಿ ಬಾರದವರಿಗೂ ಅರ್ಥವಾಗುತ್ತದೆ. ಗೆರೆಗೆ ಭಾಷೆಯ ಹಂಗಿಲ್ಲ.

ಹಾಳಾದದ್ದು ಹೇಗೆ?

ಇಷ್ಟು ಕಷ್ಟಪಟ್ಟು ಮಾಡಿದ್ದನ್ನು ಯಾಕೆ ಕಳೆದುಕೊಂಡರು? ಕಾರಣ ನಾಲ್ಕು.

ಮೊದಲನೆಯದು ಬೆಂಕಿ. ಸುಮಾರು 1950ರವರೆಗೆ ಸಿನಿಮಾ ಪಟ್ಟಿಗಳನ್ನು ನೈಟ್ರೇಟ್ ಎಂಬ ವಸ್ತುವಿನಿಂದ ಮಾಡುತ್ತಿದ್ದರು. ಅದು ಸೀಮೆಎಣ್ಣೆ ಸುರಿದ ಸೌದೆಯಂತೆ ಧಗ್ ಅಂತ ಹೊತ್ತಿಕೊಳ್ಳುತ್ತದೆ. ನೀರು ಹಾಕಿದರೂ ಆರುವುದು ಕಷ್ಟ. 2003ರಲ್ಲಿ ಪುಣೆಯಲ್ಲಿ ಸಂಗ್ರಹಿಸಿಟ್ಟಿದ್ದ ನೈಟ್ರೇಟ್ ರೀಲುಗಳಿಗೇ ಬೆಂಕಿ ಬಿದ್ದು ಬಹಳ ಹಳೆಯ ಚಿತ್ರಗಳು ಸುಟ್ಟವು.

ಎರಡನೆಯದು ಬಿಸಿಲು ಮತ್ತು ತೇವ. ನೈಟ್ರೇಟ್ ನಂತರ ಬಂದ ಅಸಿಟೇಟ್ ಪಟ್ಟಿ ಅಷ್ಟು ಬೇಗ ಸುಡುವುದಿಲ್ಲ. ಆದರೆ ಸೆಕೆಯಲ್ಲಿ ಇಟ್ಟರೆ ಹುಳಿ ವಾಸನೆ ಹೊಡೆದು, ಮುದುಡಿ, ಒಡೆದು ಹೋಗುತ್ತದೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಡಬ್ಬಿಯೊಳಗೆ ಅದರ ಗತಿ ಏನಾಗಬಹುದು, ನೀವೇ ಯೋಚಿಸಿ. ಅದಕ್ಕೆ ತಣ್ಣಗಿರುವ, ಒಣಗಿರುವ ಕೋಣೆ ಬೇಕು.

ಮೂರನೆಯದು ದುಡ್ಡಿನಾಸೆ. ಕಪ್ಪು ಬಿಳುಪು ಪಟ್ಟಿಯಲ್ಲಿ ಬೆಳ್ಳಿಯ ಅಂಶ ಇರುತ್ತದೆ. ಓಡಿ ಮುಗಿದ ಚಿತ್ರಗಳಿಂದ ಬೆಳ್ಳಿ ತೆಗೆಯಲು ಗುಜರಿಗೆ ಹಾಕಿಬಿಟ್ಟರು. ಚಿತ್ರ ಬರೆದ ಸೆಲ್ಯುಲಾಯ್ಡ್ ಹಾಳೆಗಳನ್ನೂ ಎಷ್ಟೋ ಕಡೆ ತೊಳೆದು ಮತ್ತೆ ಬಳಸುತ್ತಿದ್ದರು, ನಾವು ಸ್ಲೇಟು ಒರೆಸುವ ಹಾಗೆ.

ನಾಲ್ಕನೆಯದು ತಾತ್ಸಾರ. ನನಗೆ ಇದೇ ದೊಡ್ಡದು ಅನ್ನಿಸುತ್ತದೆ. ಕಿರುಚಿತ್ರವನ್ನು ಮುಖ್ಯ ಸಿನಿಮಾಕ್ಕೆ ಮೊದಲು ಬಿಡುತ್ತಿದ್ದರು. ನಮ್ಮ ದೊಡ್ಡಪ್ಪ ಟೆಂಟ್ ಸಿನಿಮಾ ಕಾಲದವರು. "ಸರ್ಕಾರದ ಚಿತ್ರ ಬಿಟ್ರೆ ಬೀಡಿ ಸೇದೋಕೆ ಹೊರಗೆ ಹೋಗ್ತಿದ್ವಿ ಕಣಪ್ಪ, ರಾಜ್‌ಕುಮಾರ್ ಬಂದ ಮೇಲೆ ಒಳಗೆ ಬರ್ತಿದ್ವಿ" ಅಂತಾರೆ. ಚಿಕ್ಕದು ಅಂದರೆ ಬೆಲೆ ಇಲ್ಲದ್ದು ಎಂದು ಎಲ್ಲರೂ ತಿಳಿದರು. ಆದರೆ ದೊಡ್ಡ ಚಿತ್ರಗಳೂ ಉಳಿಯಲಿಲ್ಲ ನೋಡಿ! ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನಾ' 1934ರಲ್ಲಿ ಬಂತು. ಅದರ ಒಂದು ಪ್ರತಿಯೂ ಇಂದು ಉಳಿದಿಲ್ಲ. ಹೆಸರು ಪರೀಕ್ಷೆಗೆ ಬಾಯಿಪಾಠ ಮಾಡ್ತೀವಿ, ಚಿತ್ರ ಮಾತ್ರ ನೋಡಲಾರೆವು.

ಕೂಡಿಟ್ಟವರು

ಇನ್ನು ಸಂತೋಷದ ಮಾತು. ಜಪಾನಿನಲ್ಲಿ ಯಸುಶಿ ವತನಬೆ ಎಂಬುವರಿದ್ದರು. ನಮ್ಮಂತೆ ಹೈಸ್ಕೂಲು ಓದುತ್ತಿದ್ದಾಗ ಒಸಾಕಾ ಪಟ್ಟಣದಲ್ಲಿ 500 ಯೆನ್ ಕೊಟ್ಟು ಒಂದು ಸಣ್ಣ ಕಾರ್ಟೂನ್ ಸುರುಳಿ ಕೊಂಡರು. ಸುಮಾರು 70 ವರ್ಷ ಜೋಪಾನವಾಗಿ ಇಟ್ಟುಕೊಂಡರು. ಮಿಕ್ಕಿಗಿಂತ ಮೊದಲು ಡಿಸ್ನಿ ಮಾಡಿದ್ದ ಆಸ್ವಾಲ್ಡ್ ಎಂಬ ಮೊಲದ ಚಿತ್ರ ಅದು. ಕಳೆದೇಹೋಗಿದೆ ಎಂದು ಅಮೆರಿಕದವರು ಕೈಬಿಟ್ಟಿದ್ದ 1928ರ ಚಿತ್ರ! 2018ರಲ್ಲಿ ಅದು ಗುರುತು ಸಿಕ್ಕಾಗ ವತನಬೆ ಅವರಿಗೆ 84 ವರ್ಷ. ದೊಡ್ಡ ಕಂಪನಿ ಉಳಿಸಿಕೊಳ್ಳದ್ದನ್ನು ಒಬ್ಬ ಶಾಲೆಯ ಹುಡುಗ ಉಳಿಸಿದ್ದ. ಅದೇ ಜಪಾನಿನಲ್ಲಿ ಇಂದು ಉಳಿದಿರುವ ಅತಿ ಹಳೆಯ ಕಾರ್ಟೂನ್‌ಗಳಲ್ಲಿ ಒಂದು 1917ರದು. ಮೊಂಡು ಕತ್ತಿಯ ಕಥೆ ಅದು. ಅದೂ ಸಿಕ್ಕಿದ್ದು ಹಳೆ ಸಾಮಾನು ಮಾರುವ ಕಡೆ. ಲೊಟ್ಟೆ ರೈನಿಗರ್ ಅವರ ಅಹ್ಮದನ ಚಿತ್ರವೂ ಹೀಗೆಯೇ. ಮೂಲ ಪಟ್ಟಿ ಯುದ್ಧದಲ್ಲಿ ಬರ್ಲಿನ್‌ನಲ್ಲಿ ನಾಶವಾಯಿತು. ಲಂಡನ್ನಿನಲ್ಲಿ ಒಂದು ಪ್ರತಿ ಎತ್ತಿಟ್ಟಿದ್ದರು. ಅದರಿಂದ ಮತ್ತೆ ಜೀವ ಬಂತು.

ನಮ್ಮ ದೇಶದಲ್ಲಿ ಈ ಕೆಲಸಕ್ಕೆಂದೇ 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಆರಂಭವಾಯಿತು. ಅದನ್ನು ಕಟ್ಟಿದವರು ಪಿ.ಕೆ. ನಾಯರ್. ಎಲ್ಲಿ ಹಳೆ ರೀಲು ಇದೆ ಅಂತ ಸುದ್ದಿ ಬಂದರೂ ಹೊರಟುಬಿಡುತ್ತಿದ್ದರು. ಫಾಲ್ಕೆಯವರ 'ಕಾಲಿಯ ಮರ್ದನ' (1919) ತುಂಡು ತುಂಡಾಗಿ ಸಿಕ್ಕಿತ್ತು. ಫಾಲ್ಕೆಯವರ ಟಿಪ್ಪಣಿ ನೋಡಿ ಅದನ್ನು ಸರಿಯಾಗಿ ಜೋಡಿಸಿದರು. 1991ರಲ್ಲಿ ನಿವೃತ್ತರಾಗುವ ಹೊತ್ತಿಗೆ ಅಲ್ಲಿ ಸುಮಾರು 12,000 ಚಿತ್ರಗಳು ಸೇರಿದ್ದವು. 2022ರಲ್ಲಿ ಈ ಸಂಗ್ರಹಾಲಯವೂ ಫಿಲ್ಮ್ಸ್ ಡಿವಿಷನ್ನೂ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ ಜತೆ ಸೇರಿದವು.

ಬೀರುವಿನಲ್ಲಿ ಬೀಗ ಹಾಕಿಟ್ಟರೆ ಸಾಕೆ? ಸಾಲದು. ಜನ ನೋಡಬೇಕು. ಅದನ್ನು ಮಾಡಿ ತೋರಿಸಿದ್ದು ನಮ್ಮ ಕರ್ನಾಟಕದ ಒಂದು ಹಳ್ಳಿ. ಸಾಗರ ತಾಲ್ಲೂಕಿನ ಹೆಗ್ಗೋಡು. ಅಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ ಸಂಸ್ಥೆ 1970ರ ದಶಕದಲ್ಲಿ ಪುಣೆಯ ಸಂಗ್ರಹದಿಂದ ಲೋಕದ ಹೆಸರಾಂತ ಹಳೆ ಚಿತ್ರಗಳನ್ನು ತರಿಸಿ ಅಡಿಕೆ ಬೆಳೆಯುವ ರೈತರಿಗೆ ತೋರಿಸಿತು. 'ಪಥೇರ್ ಪಾಂಚಾಲಿ', ಜಪಾನಿನ 'ರಾಶೋಮನ್' ಎಲ್ಲ ನೋಡಿದರು. ಅವು ಕಾರ್ಟೂನ್ ಅಲ್ಲ, ದೊಡ್ಡ ಚಿತ್ರಗಳು. ಆದರೆ ನಮಗೆ ಸಿಗುವ ಪಾಠ ಒಂದೇ. ಹಳ್ಳಿಯವರಿಗೆ ಇದೆಲ್ಲ ಯಾಕೆ ಅನ್ನುವ ಮಾತು ಸುಳ್ಳು.

ನೀವೂ ಮಾಡಿ ನೋಡಿ

1. ಹಳೆ ನೋಟ್‌ಬುಕ್ಕಿನ 24 ಹಾಳೆ ತಗೊಳ್ಳಿ. ಪ್ರತಿ ಹಾಳೆಯ ಕೆಳಮೂಲೆಯಲ್ಲಿ ಒಂದೇ ಜಾಗಕ್ಕೆ ಕೋಳಿಯ ಚಿತ್ರ ಬರೆಯಿರಿ. ಪ್ರತಿ ಸಲ ತಲೆಯನ್ನು ಒಂದು ಎಳೆ ಬಗ್ಗಿಸಿ, 12 ಆದ ಮೇಲೆ ಒಂದು ಎಳೆ ಎತ್ತುತ್ತಾ ಬನ್ನಿ. ಹೆಬ್ಬೆರಳಿನಿಂದ ಹಾಳೆಗಳನ್ನು ಸರ್ರನೆ ಬಿಡಿ. ಕೋಳಿ ಕಾಳು ಹೆಕ್ಕುತ್ತದೆ! (ಪಕ್ಕದ ಹಾಳೆಯಲ್ಲಿ ಮೊದಲ ಆರು ಚಿತ್ರ ಬರೆದು ಅಂಟಿಸಿದ್ದೇನೆ.)

2. ಫಾಲ್ಕೆಯವರು ಬಟಾಣಿ ನೆಟ್ಟರು, ನಾವು ಶೇಂಗಾ ನೆಡೋಣ. ಕುಂಡದಲ್ಲಿ ಒಂದು ಬೀಜ ಹಾಕಿ. ದಿನಾ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಕೂತು, ಅದೇ ಅಳತೆಯಲ್ಲಿ ಒಂದೊಂದು ಚಿತ್ರ ಬರೆಯಿರಿ. ಕುಂಡ ಅಲ್ಲಾಡಿಸಬಾರದು. ಒಂದು ತಿಂಗಳಾದ ಮೇಲೆ 30 ಹಾಳೆ ಜೋಡಿಸಿ ಹೊಲಿದು ಸರ್ರನೆ ಬಿಡಿ. ನಮ್ಮ ಹೊಲದ ಗಿಡ ಕೈಯಲ್ಲೇ ಬೆಳೆಯುತ್ತದೆ.

ಗುರುಗಳಲ್ಲಿ ಒಂದು ಮನವಿ

ಈ ಚಿತ್ರಗಳನ್ನು ನೋಡಲು ಈಗ ಪುಣೆಗೆ ಹೋಗಬೇಕಾಗಿಲ್ಲ. ಬಹಳಷ್ಟು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ತಿಂಗಳಿಗೊಂದು ಶನಿವಾರ ಕಡೇ ಪೀರಿಯಡ್ಡಿನಲ್ಲಿ ಎಲ್ಲರೂ ಒಟ್ಟಿಗೆ ಕೂತು ನೋಡುವಂತೆ ಮಾಡಬೇಕೆಂದು ವಿನಂತಿ. ಮೊದಲ ಐದು ತಿಂಗಳಿಗೆ ನನ್ನ ಪಟ್ಟಿ ಇದು:

ಫ್ಯಾಂಟಸ್ಮಗೋರಿ (1908)
ಗರ್ಟಿ (1914)
ದಿ ಬ್ಯಾನಿಯನ್ ಡೀರ್ (1957)
ಎ ಚೇರಿ ಟೇಲ್ (1957)
ಏಕ್ ಅನೇಕ್ ಔರ್ ಏಕತಾ (1974)

ನಾಲ್ಕನೆಯದು ಕೆನಡಾ ದೇಶದ ನಾರ್ಮನ್ ಮೆಕ್‌ಲಾರೆನ್ ಮತ್ತು ಕ್ಲೋಡ್ ಜುತ್ರಾ ಮಾಡಿದ್ದು. ತನ್ನ ಮೇಲೆ ಕೂರಲು ಬಿಡದ ಕುರ್ಚಿಯ ಕಥೆ. ಮಾತೇ ಇಲ್ಲ. ಸಂಗೀತ ನಮ್ಮ ಪಂಡಿತ್ ರವಿಶಂಕರ್ ಅವರದು! ಗೆರೆಯ ಬದಲು ನಿಜವಾದ ಕುರ್ಚಿಯನ್ನೇ ಆಡಿಸಿದ್ದಾರೆ.

ಗೆಳೆಯರೇ, ಕೊನೆಗೊಂದು ಮಾತು. ನಿಮ್ಮ ಮನೆಯ ಅಟ್ಟದ ಮೇಲೆ ಹಳೆ ಫೋಟೋ, ಕ್ಯಾಸೆಟ್, ಫಿಲ್ಮ್ ತುಂಡು, ಹರಿದ ತೊಗಲುಗೊಂಬೆ ಏನಾದರೂ ಇದ್ದರೆ ಗುಜರಿಗೆ ಹಾಕಲು ಬಿಡಬೇಡಿ. ಯಾರದು, ಯಾವ ವರ್ಷದ್ದು ಎಂದು ಹಿರಿಯರನ್ನು ಕೇಳಿ ಚೀಟಿ ಬರೆದು ಅಂಟಿಸಿಡಿ. ಬಿಸಿಲು, ತೇವ, ಇಲಿ ತಾಗದಂತೆ ಇಡಿ. ಒಸಾಕಾದ ಹುಡುಗನಿಗೂ ತಾನು ಎತ್ತಿಟ್ಟದ್ದು ಏನೆಂದು ಗೊತ್ತಿರಲಿಲ್ಲ, ಸುಮ್ಮನೆ ಇಷ್ಟ ಅಂತ ಇಟ್ಟುಕೊಂಡಿದ್ದ. ಇಷ್ಟವಾದದ್ದನ್ನು ಜೋಪಾನ ಮಾಡಿದರೆ ಅಷ್ಟೇ ಸಾಕು.

ಕೋಳಿ ಪುಸ್ತಕ ಮಾಡಿದವರು ಮುಂದಿನ ಸೋಮವಾರ ತಂದು ತೋರಿಸಿ. ಚೆನ್ನಾಗಿರುವುದನ್ನು ಇದೇ ಗೋಡೆಗೆ ದಾರ ಕಟ್ಟಿ ತೂಗುಹಾಕೋಣ.